ಎಂಬೆಡೆಡ್ ಈಥರ್ನೆಟ್ ಮಾಡ್ಯೂಲ್: ಬೋರ್ಡ್ ರೂಪಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಹಾಜರಾತಿ ಯಂತ್ರ, ಕಾರ್ಖಾನೆಯ ನಿಯಂತ್ರಕದಂಥ ಪುಟ್ಟ ಸಾಧನಗಳನ್ನು ತಂತಿ ಮೂಲಕ ನೆಟ್‌ವರ್ಕ್‌ಗೆ ಜೋಡಿಸುವುದೇ ಎಂಬೆಡೆಡ್ ಈಥರ್ನೆಟ್ ಮಾಡ್ಯೂಲ್. ಮೇಜಿನ ಮೇಲೆ ಚೆನ್ನಾಗಿ ಓಡಿದ ಬೋರ್ಡ್, ಮೋಟಾರುಗಳ ನಡುವೆ ಕೂರಿಸಿದಾಗ ಕೈಕೊಡುವುದುಂಟು. ಲಿಂಕ್ ದೀಪ ಉರಿಯುತ್ತದೆ, ಡೇಟಾ ಮಾತ್ರ ತಲುಪುವುದಿಲ್ಲ. ಎಲ್ಲರೂ ಸಾಫ್ಟ್‌ವೇರ್ ಕಡೆ ಬೊಟ್ಟು ಮಾಡುತ್ತಾರೆ. ಆದರೆ ದೋಷ ಹಾರ್ಡ್‌ವೇರ್‌ನಲ್ಲೂ ಇರಬಹುದು.

ಯಾವ ಚಿಪ್?

ಮೈಕ್ರೋಚಿಪ್ ಕಂಪನಿಯ ಇಎನ್‌ಸಿ28ಜೆ60 ಚಿಪ್‌ನ ವೇಗ 10 ಎಂಬಿಪಿಎಸ್, ಬಫರ್ 8 ಕೆಬಿ. ಟಿಸಿಪಿ/ಐಪಿ ಕೆಲಸವನ್ನು ಮೈಕ್ರೋಕಂಟ್ರೋಲರ್ ಮಾಡಬೇಕು. ಇದರಲ್ಲಿ ಆಟೋ ನೆಗೋಷಿಯೇಶನ್ ಇಲ್ಲ. ಹಾಗಾಗಿ ಆಟೋ ಮೋಡ್‌ನಲ್ಲಿರುವ ಸ್ವಿಚ್ ತಾನಾಗಿ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಚಿಪ್ ಅನ್ನು ಫುಲ್ ಡ್ಯೂಪ್ಲೆಕ್ಸ್‌ಗೆ ಇಟ್ಟರೆ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ.

ವಿಜ್‌ನೆಟ್ ಕಂಪನಿಯ ಡಬ್ಲ್ಯು5500 ಚಿಪ್ 10/100 ಎಂಬಿಪಿಎಸ್ ಎರಡಕ್ಕೂ ಹೊಂದುತ್ತದೆ. ಟಿಸಿಪಿ/ಐಪಿ ಚಿಪ್ ಒಳಗೇ ಇದೆ. 32 ಕೆಬಿ ಬಫರ್, ಏಕಕಾಲಕ್ಕೆ 8 ಸಾಕೆಟ್. ಕಡಿಮೆ ಮೆಮೊರಿಯ ಮೈಕ್ರೋಕಂಟ್ರೋಲರ್‌ಗೆ ಇದು ಅನುಕೂಲ. ಎರಡೂ ಚಿಪ್‌ಗಳು ಎಸ್‌ಪಿಐ ಮೂಲಕ ಮಾತಾಡುತ್ತವೆ.

ವಿದ್ಯುತ್ ಮತ್ತು ಬಿಸಿ

ಎರಡಕ್ಕೂ ಬೇಕಿರುವುದು 3.3 ವೋಲ್ಟ್. ಡಬ್ಲ್ಯು5500 ಚಿಪ್ 100 ಎಂಬಿಪಿಎಸ್‌ನಲ್ಲಿ ಸುಮಾರು 130 ಮಿಲಿಆಂಪ್ ಎಳೆಯುತ್ತದೆ. 12 ವೋಲ್ಟ್‌ನಿಂದ ನೇರವಾಗಿ ಲೀನಿಯರ್ ರೆಗ್ಯುಲೇಟರ್ ಬಳಸಿದರೆ 8.7 ವೋಲ್ಟ್ ಅದರಲ್ಲೇ ಇಳಿಯಬೇಕು. ಅಂದರೆ 1.1 ವಾಟ್‌ಗೂ ಹೆಚ್ಚು ಶಕ್ತಿ ಬಿಸಿಯಾಗಿ ಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇದು ಅಪಾಯ. ಇಲ್ಲಿ ಸ್ವಿಚಿಂಗ್ ರೆಗ್ಯುಲೇಟರ್ ಒಳ್ಳೆಯದು. ಪ್ರತಿ ಪವರ್ ಪಿನ್ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಕ್ಲಾಕ್

25 ಮೆಗಾಹರ್ಟ್ಸ್ ಕ್ರಿಸ್ಟಲ್ ಚಿಪ್‌ಗೆ ಹತ್ತಿರವಿರಬೇಕು. ಅಗ್ಗದ ಕ್ರಿಸ್ಟಲ್ ಹಾಕಿದರೆ ತಾಪಮಾನ ಏರಿದಾಗ ಲಿಂಕ್ ಬಿದ್ದು ಏಳಬಹುದು. ಡೇಟಾಶೀಟ್ ಹೇಳುವ ನಿಖರತೆ ಮತ್ತು ಲೋಡ್ ಕೆಪಾಸಿಟರ್‌ಗಳ ಬೆಲೆ ಎರಡನ್ನೂ ಪಾಲಿಸಿ. ಡಬ್ಲ್ಯು5500ಗೆ ಬೇಕಾದ 12.4 ಕಿಲೋಓಮ್ ರೆಸಿಸ್ಟರ್ ಕೂಡ ಶೇ 1ರ ನಿಖರತೆಯದ್ದೇ ಆಗಿರಲಿ.

ಟ್ರಾನ್ಸ್‌ಫಾರ್ಮರ್ ಮತ್ತು ಜ್ಯಾಕ್

ಕೇಬಲ್ ಮತ್ತು ಚಿಪ್ ನಡುವೆ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಇದು ಸಾಮಾನ್ಯವಾಗಿ 1500 ವೋಲ್ಟ್‌ವರೆಗಿನ ಪ್ರತ್ಯೇಕತೆ ಕೊಡುತ್ತದೆ. ಕೆಲವು ಆರ್‌ಜೆ45 ಜ್ಯಾಕ್‌ಗಳ ಒಳಗೇ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಕೆಲವಲ್ಲಿ ಇರುವುದಿಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಕಾಣುವುದರಿಂದ ಖರೀದಿಸುವಾಗ ಭಾಗಸಂಖ್ಯೆ ನೋಡಿ.

ಕಳಿಸುವ ಮತ್ತು ಪಡೆಯುವ ಜೋಡಿ ಗೆರೆಗಳು 100 ಓಮ್ ಇಂಪೀಡೆನ್ಸ್‌ನಲ್ಲಿ, ಸಮ ಉದ್ದದಲ್ಲಿ, ಚಿಕ್ಕದಾಗಿ ಸಾಗಬೇಕು. ಟ್ರಾನ್ಸ್‌ಫಾರ್ಮರ್ ಕೆಳಗೆ ಗ್ರೌಂಡ್ ತಾಮ್ರ ಬೇಡ. ಇದ್ದರೆ ಪ್ರತ್ಯೇಕತೆಯ ಉದ್ದೇಶವೇ ಕೆಡುತ್ತದೆ. ಕೇಬಲ್ ಕಟ್ಟಡದ ಹೊರಗೆ ಹೋಗುವುದಾದರೆ ಸರ್ಜ್ ರಕ್ಷಣೆ ಪ್ರತ್ಯೇಕವಾಗಿ ಬೇಕು.

ಮ್ಯಾಕ್ ವಿಳಾಸ

ಈ ಎರಡೂ ಚಿಪ್‌ಗಳಲ್ಲಿ ಮ್ಯಾಕ್ ವಿಳಾಸ ಮೊದಲೇ ಇರುವುದಿಲ್ಲ. ಮಾದರಿ ಕೋಡ್‌ನ ವಿಳಾಸವನ್ನೇ ಎಲ್ಲ ಬೋರ್ಡ್‌ಗೂ ಹಾಕಿದರೆ ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಸಾಧನ ಸೇರಿದ ಕೂಡಲೇ ತೊಂದರೆ ಶುರು. ವಿಳಾಸ ಬರೆದೇ ಬರುವ ಇಇಪ್ರಾಮ್ ಚಿಪ್ ಬಳಸುವುದು ಸುಲಭ ಪರಿಹಾರ.

ಕೊನೆಯ ಪರೀಕ್ಷೆ

ಒಂದು ಮೀಟರ್ ಕೇಬಲ್‌ನಲ್ಲಿ ಪಿಂಗ್ ಬಂದರೆ ಸಾಲದು. ಈಥರ್ನೆಟ್ ಮಿತಿಯಾದ 100 ಮೀಟರ್ ಕೇಬಲ್ ಹಾಕಿ, ಪೆಟ್ಟಿಗೆ ಮುಚ್ಚಿ, ಇಡೀ ದಿನ ಓಡಿಸಿ. ಅಲ್ಲಿ ಪ್ಯಾಕೆಟ್ ಕಳೆಯದಿದ್ದರೆ ಬೋರ್ಡ್ ಅನ್ನು ಧೈರ್ಯವಾಗಿ ತಯಾರಿಕೆಗೆ ಕಳಿಸಬಹುದು.