ಹೃದಯದ ಚೀಲದಲ್ಲಿ ನೀರು

'ಎದೆಯಲ್ಲಿ ನೀರು ತುಂಬಿದೆಯಂತೆ' ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಹೆಚ್ಚಿನ ಸಲ ಅದು ಶ್ವಾಸಕೋಶದ ಸುತ್ತಲಿನ ನೀರು. ಆದರೆ ಹೃದಯವನ್ನೂ ಎರಡು ಪದರದ ಒಂದು ಚೀಲ ಸುತ್ತಿಕೊಂಡಿದೆ. ಬಡಿಯುವ ಹೃದಯ ಉಜ್ಜಿಹೋಗದಿರಲೆಂದು ಅದರೊಳಗೆ 15ರಿಂದ 50 ಮಿಲಿಲೀಟರ್ ದ್ರವ ಸದಾ ಇರುತ್ತದೆ. ಅದು ಮಿತಿ ಮೀರಿದರೆ ಕಾಪಾಡುವ ಚೀಲವೇ ಹೃದಯದ ಕತ್ತು ಹಿಸುಕುತ್ತದೆ.

ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ಯಾಲನ್ ಪ್ರಾಣಿಗಳನ್ನು ಕೊಯ್ದಾಗ ಈ ನೀರನ್ನು ಕಂಡಿದ್ದ. ಮನುಷ್ಯರಿಗೂ ಹೀಗಾಗಬಹುದೆಂದು ಊಹಿಸಿದ್ದ. ಸುಮಾರು ಸಾವಿರ ವರ್ಷಗಳ ಬಳಿಕ ಅಂದಲೂಸಿಯಾದ ಸೆವಿಲ್ ನಗರದ ಹಕೀಮ್ ಇಬ್ನ್ ಝುಹ್ರ್ ಇದರ ಬಗ್ಗೆ ಬರೆದರು. ಹೃದಯದ ಚೀಲದಲ್ಲಿ ನೀರು ತುಂಬುವುದನ್ನೂ, ಪೊರೆಯ ಮೇಲೆ ಪೊರೆ ಬೆಳೆದಂತೆ ಗಟ್ಟಿ ಪದಾರ್ಥ ಕೂಡಿಕೊಳ್ಳುವುದನ್ನೂ ತಮ್ಮ 'ಅತ್ತೈಸೀರ್' ಗ್ರಂಥದಲ್ಲಿ ದಾಖಲಿಸಿದರು. ಅರಸನ ಕೋಪಕ್ಕೆ ಗುರಿಯಾಗಿ ಮರ್‍ರಾಕೇಶಿನ ಸೆರೆಮನೆಯನ್ನೂ ಕಂಡಿದ್ದ ಈ ಹಕೀಮರು 1162ರಲ್ಲಿ ತೀರಿಕೊಂಡರು. ಇಬ್ನ್ ರುಶ್ದ್‌ರಂಥ ದಾರ್ಶನಿಕರು ಮೆಚ್ಚಿದ್ದ ಆ ಗ್ರಂಥ ಲ್ಯಾಟಿನ್‌ಗೆ ಅನುವಾದಗೊಂಡು 1490ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು.

ನೀರು ಕೊಲ್ಲುವ ಬಗೆಯನ್ನು ವಿವರಿಸಿದವರು ಇಂಗ್ಲೆಂಡಿನ ರಿಚರ್ಡ್ ಲೋವರ್. ಹೊರಗಿನ ಒತ್ತಡದಿಂದ ಹೃದಯ ಅರಳಲಾರದು, ಅರಳದಿದ್ದರೆ ರಕ್ತ ಒಳಬಾರದು, ನಾಡಿ ಕುಂದುತ್ತದೆ ಎಂದು ಅವರು 1669ರಲ್ಲಿ ಬರೆದರು. 1801ರಲ್ಲಿ ಅದೇ ಹಳೆಯ ಅಂದಲೂಸಿಯಾದ ಅಲ್ಮೇರಿಯಾದಲ್ಲಿ ಫ್ರಾನ್ಸಿಸ್ಕೊ ರೊಮೆರೊ ಎಂಬ ವೈದ್ಯ ರೋಗಿಯ ಪಕ್ಕೆಲುಬುಗಳ ನಡುವೆ ಕೊಯ್ದು ನೀರು ಹೊರತೆಗೆದ. ಅರಿವಳಿಕೆಯೇ ಇಲ್ಲದ ಕಾಲವದು. ಆದರೂ ರೋಗಿ ಬದುಕಿದ. 1815ರಲ್ಲಿ ರೊಮೆರೊ ಪ್ಯಾರಿಸ್‌ನ ವೈದ್ಯರ ಮುಂದೆ ಇದನ್ನು ಮಂಡಿಸಿದರೂ ಅವನ ಸಾಹಸ ಬಹುಕಾಲ ಮೂಲೆಗುಂಪಾಯಿತು.

ನೀರು ತೆಗೆಯುವುದು ಗೊತ್ತಾಯಿತು. ಆದರೆ ಅದು ಬಂದದ್ದೆಲ್ಲಿಂದ? 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿದಾಗ ಒಂದು ದೊಡ್ಡ ಉತ್ತರ ಸಿಕ್ಕಿತು. ಇತರ ಉತ್ತರಗಳು ಒಂದೊಂದಾಗಿ ಬಂದವು: ವೈರಸ್ ಸೋಂಕು, ಕ್ಯಾನ್ಸರ್, ಕೈಕೊಟ್ಟ ಮೂತ್ರಪಿಂಡ, ಮಂದವಾದ ಥೈರಾಯ್ಡ್, ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ಲೂಪಸ್‌ನಂಥ ರೋಗಗಳು, ಎದೆಗೆ ಬಿದ್ದ ಏಟು. 1950ರ ದಶಕದಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ದಾರಿ ತೆರೆದರು. ಇಂದು 'ಎಕೋ' ಎಂಬ ಪರೀಕ್ಷೆ ಈ ನೀರನ್ನು ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ.

ನೀರಿನ ಪ್ರಮಾಣಕ್ಕಿಂತ ಅದು ತುಂಬುವ ವೇಗ ಹೆಚ್ಚು ಅಪಾಯಕಾರಿ. ನಿಧಾನವಾಗಿ ತುಂಬಿದರೆ ಚೀಲ ಹಿಗ್ಗಿ ಒಂದು ಲೀಟರನ್ನೂ ತಾಳೀತು. ಏಟು ಬಿದ್ದು ರಕ್ತ ನುಗ್ಗಿದರೆ ಇನ್ನೂರು ಮಿಲಿಲೀಟರೇ ಪ್ರಾಣ ತೆಗೆದೀತು.

ಯಂತ್ರ ನೀರನ್ನು ತೋರಿಸುತ್ತದೆ, ಸೂಜಿ ಅದನ್ನು ತೆಗೆಯುತ್ತದೆ. ಕಾರಣ ಉಳಿದರೆ ನೀರು ಮತ್ತೆ ಬರುತ್ತದೆ. ನಮ್ಮ ದೇಶದಲ್ಲಿ ಇಂದಿಗೂ ಮುಖ್ಯ ಕಾರಣಗಳಲ್ಲೊಂದು ಕ್ಷಯವೇ. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಆದರೆ ಮಗಳ ಸಂಬಂಧ ತಪ್ಪಿಹೋದೀತೆಂದು ರೋಗದ ಹೆಸರನ್ನೇ ಮುಚ್ಚಿಡುವ, ಎರಡು ತಿಂಗಳಲ್ಲಿ ಸ್ವಲ್ಪ ಸುಧಾರಿಸಿತೆಂದು ಮಾತ್ರೆ ನಿಲ್ಲಿಸುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಇನ್ನೂ ಇವೆ. ಒಂಬೈನೂರು ವರ್ಷಗಳ ಹಿಂದೆ ಒಬ್ಬ ಹಕೀಮ ಕಂಡದ್ದನ್ನು ಕಂಡ ಹಾಗೆಯೇ ಬರೆದಿಟ್ಟ. ವೈದ್ಯರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನಮಗೇಕೆ ಇಷ್ಟು ಕಷ್ಟ?