ಟಿಫಿನ್ ಆಯ್ತಾ?

ಇಂಜಿನಿಯರಿಂಗ್ ಹಾಸ್ಟೆಲ್ ಸೇರಿದ ಮೊದಲ ಬೆಳಗ್ಗೆ ಪಕ್ಕದ ರೂಮಿನವನು ಬಾಗಿಲಲ್ಲಿ ನಿಂತು "ಟಿಫಿನ್ ಆಯ್ತಾ ಮಗಾ?" ಅಂದ. "ನಾನು ತಂದಿಲ್ಲ ಕಣೋ" ಅಂದೆ. ಆ ವರ್ಷವಿಡೀ ಹಾಸ್ಟೆಲ್‌ನಲ್ಲಿ ನನ್ನ ಹೆಸರು 'ತಂದಿಲ್ಲ' ಅಂತಲೇ ಆಗಿಹೋಯ್ತು.

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹುಲಿಯೂರುದುರ್ಗದ ಬೆಟ್ಟ ಕಾಣೋ ನಮ್ಮ ಹಳ್ಳೀಲಿ ಟಿಪ್ನು ಅಂದ್ರೆ ಸ್ಟೀಲ್ ಡಬ್ಬಿ. ಅವ್ವ ಹೊಲಕ್ಕೆ ಮುದ್ದೆ, ಸಾರು ತುಂಬ್ಕೊಂಡು ಬರ್ತಿದ್ದದ್ದು ಅದರಲ್ಲೇ. ಟಿಫಿನ್ ಕ್ಯಾರಿಯರ್‌ನಲ್ಲಿ ಕ್ಯಾರಿಯರ್ ಉದುರಿ ಹೋಗಿತ್ತು, ಅಷ್ಟೇ. ಆಮೇಲೆ ಕೆಲಸಕ್ಕೆ ಸೇರಿದಾಗ ಗೊತ್ತಾಯ್ತು, ನಮ್ಮ ಟೀಮಿನ ಮುಂಬೈ ಹುಡುಗನಿಗೂ ಟಿಫಿನ್ ಅಂದ್ರೆ ಮಧ್ಯಾಹ್ನದ ಡಬ್ಬಿ. ಚೆನ್ನೈಯವಳಿಗೆ ಸಂಜೆ ನಾಲ್ಕರ ದೋಸೆಯೂ ಟಿಫಿನ್ನೇ. ಬೆಂಗಳೂರಿನವರಿಗೆ ಬೆಳಗಿನ ತಿಂಡಿ. ಒಂದೇ ವೇರಿಯಬಲ್‌ಗೆ ಒಬ್ಬೊಬ್ಬರೂ ಒಂದೊಂದು ವ್ಯಾಲ್ಯೂ ಹಾಕಿಟ್ಟಿದ್ದಾರೆ.

ತಿಂಡಿಯಿಂದಲೇ ಟಿಫಿನ್ ಹುಟ್ಟಿದ್ದು ಅಂತ ವಾಟ್ಸಾಪ್‌ನಲ್ಲಿ ಯಾರೋ ಹೆಮ್ಮೆಯಿಂದ ಕಳಿಸಿದ್ರು. ಕೇಳೋಕೆ ಚೆನ್ನಾಗಿದೆ, ಆದ್ರೆ ನಿಜ ಅಲ್ಲ. ತಿಂಡಿ 'ತಿನ್ನು' ಅನ್ನೋದರ ಮಗು. ಟಿಫಿನ್‌ನ ತವರು ಬೇರೆ. ಬ್ರಿಟಿಷರ ಕಾಲದ ಇಂಡಿಯನ್ ಇಂಗ್ಲಿಷ್ ಪದಗಳನ್ನೆಲ್ಲ ಗುಡ್ಡೆ ಹಾಕಿದ 'ಹಾಬ್ಸನ್-ಜಾಬ್ಸನ್' ಅನ್ನೋ ದಪ್ಪ ನಿಘಂಟು 1886ರಲ್ಲಿ ಬಂತು. ಹೆನ್ರಿ ಯೂಲ್ ಮತ್ತು ಮದ್ರಾಸ್ ಪ್ರಾಂತ್ಯದಲ್ಲಿ ಜಡ್ಜ್ ಆಗಿದ್ದ ಎ.ಸಿ. ಬರ್ನೆಲ್ ಮಾಡಿದ್ದು. ಪುಸ್ತಕ ಅಚ್ಚಾಗೋ ಹೊತ್ತಿಗೆ ಬರ್ನೆಲ್ ತೀರಿಕೊಂಡಿದ್ದ. ಅವರು ಟಿಫಿನ್‌ನ ಬೇರನ್ನ 'ಟಿಫಿಂಗ್' ಅನ್ನೋ ಹಳೇ ಇಂಗ್ಲಿಷ್ ಪದದಲ್ಲಿ ಹಿಡೀತಾರೆ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಅನ್ನೋನು ಲಂಡನ್ನಿನ ಬೀದಿ ಮಾತುಗಳ ನಿಘಂಟು ಮಾಡಿದಾಗ ಈ ಪದವನ್ನೂ ಸೇರಿಸಿದ್ದ. ಅವನು ಕೊಟ್ಟ ಅರ್ಥ, ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನೋದು, ಕುಡಿಯೋದು.

ಅಲ್ಲಿ ಪದ ಸತ್ತುಹೋಯ್ತು, ಇಲ್ಲಿ ಉಳಕೊಂಡಿತು. ಇಲ್ಲಿನ ಇಂಗ್ಲಿಷರು ಮೊದಲು ಮಟಮಟ ಮಧ್ಯಾಹ್ನ ಭರ್ಜರಿ ಡಿನ್ನರ್ ಹೊಡೀತಿದ್ರು. ಡಿನ್ನರ್ ನಿಧಾನಕ್ಕೆ ರಾತ್ರಿಗೆ ಜರುಗಿದಾಗ ನಡುವೆ ಖಾಲಿಯಾದ ಹೊತ್ತಿಗೆ ಟಿಫಿನ್ ಬಂದು ಕೂತಿತು.

ನಾನು ನಿಂತಿದ್ದು ಆ 'ಹೊತ್ತಲ್ಲದ ಹೊತ್ತು' ಅನ್ನೋ ಮಾತಿನಲ್ಲಿ. ನಮ್ಮ ತಾತನಿಗೆ ಇದ್ದದ್ದೇ ಎರಡು ಹೊತ್ತು. ಬೆಳಗ್ಗೆ ನೇಗಿಲು ಹೊರೋ ಮುಂಚೆ ತಂಗಳು ಹಿಟ್ಟು, ರಾತ್ರಿ ಬಿಸಿ ಹಿಟ್ಟು. ನಮ್ಮ ಕಡೆ ಮುದ್ದೇನ ಹಿಟ್ಟು ಅಂತಾರೆ, 'ಹ' ಅನ್ನೋರು ಕಮ್ಮಿ, "ಇಟ್ಟು". ಕುಯ್ಲಿನ ಕಾಲದಲ್ಲಿ ಮಾತ್ರ ಮಧ್ಯಾಹ್ನಕ್ಕೂ ಬುತ್ತಿ. ಮುದ್ದೆಯನ್ನ ಯಾರೂ 'ತಿನ್ನೋದಿಲ್ಲ', ಉಣ್ಣೋದು. ತಿನ್ನೋದು ಕಡ್ಲೆಕಾಯಿ ಮತ್ತು ದನ ತಿನ್ನೋ ಹುಲ್ಲು. "ಉಂಡ್ಯೇನ್ಲಾ" ಅಂತ ಕೇಳಿದ್ರೆ ಅದು ಬದುಕಿದ್ದೀಯಾ ಅಂತ ಕೇಳಿದಂಗೆ. ಮೂರನೇ ಸಲ, ಹೊತ್ತಲ್ಲದ ಹೊತ್ತಲ್ಲಿ, ಬಾಯಾಡಿಸೋದು ಉಳ್ಳವರ ಕೆಲಸ. ನಮಗೆ ಇಡ್ಲಿ ಸಿಗಬೇಕಾದ್ರೆ ಜ್ವರ ಬರಬೇಕಿತ್ತು. ಆಗ ಅಪ್ಪ ಬಸ್ ಸ್ಟ್ಯಾಂಡ್ ಹೋಟೆಲಿನಿಂದ ಎಲೇಲಿ ಕಟ್ಟಿಸಿಕೊಂಡು ತರ್ತಿದ್ದ. ನಾನಂತೂ ಎರಡು ಸಲ ಸುಳ್ಳು ಜ್ವರ ತರಿಸ್ಕೊಂಡಿದ್ದೀನಿ.

ತಾತ ಕುಣಿಗಲ್ಲಿಗೆ ಹೋದ್ರೂ ಬುತ್ತಿ ಕಟ್ಕೊಂಡೇ ಹೋಗೋದು. ಹೋಟ್ಲು ಇಲ್ವಾ ಅಂದ್ರೆ, "ಆಗ ಬೋರ್ಡ್ ಓದಿಸ್ಕಂಡು ವಾಪಸ್ ಬರ್ತಿದ್ವಿ ಕಣ್ಲಾ" ಅಂತಿದ್ದ. ಬೋರ್ಡಿನಲ್ಲಿ ಏನಿತ್ತು ಅಂತ ಕೇಳೋ ಬುದ್ಧಿ ನನಗೆ ಆ ವಯಸ್ಸಿಗೆ ಇರಲಿಲ್ಲ. ದೊಡ್ಡವನಾದ ಮೇಲೆ ಗೊತ್ತಾಯ್ತು. ನಾವು ವೀಕೆಂಡ್‌ಗೆ ಕ್ಯೂ ನಿಲ್ಲೋ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಆ ಕಾಲಕ್ಕೆ ಅಂಥ ಹೆಸರುಗಳು ಮಾಮೂಲು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದ ಮೇಲೆ ಅದು 'ಮಾವಳ್ಳಿ ಟಿಫಿನ್ ರೂಮ್ಸ್' ಆಯ್ತು. ನನಗೆ ಕಾಣೋದು ಇಷ್ಟು: ಬೋರ್ಡಿನಿಂದ ಜಾತಿ ಇಳಿದ ಜಾಗಕ್ಕೆ ಹತ್ತಿದ್ದು ಲಂಡನ್ನಿನ ಒಂದು ಪೋಲಿ ಪದ. ಇಂಗ್ಲಿಷ್ ಪದಗಳ ಮೇಲೆ ನನಗೆ ಸಿಟ್ಟು ಬಂದಾಗಲೆಲ್ಲ ಇದನ್ನ ನೆನೆಸ್ಕೋತೀನಿ. ಹಾಗಂತ ತಾತ ಯಾವತ್ತೂ ಅಲ್ಲಿಗೆ ಹೋಗಲಿಲ್ಲ. ನಾನು ಕರಕೊಂಡು ಹೋಗ್ತೀನಿ ಅನ್ನೋ ಹೊತ್ತಿಗೆ ಇರಲಿಲ್ಲ.

ಈಗ ನಮ್ಮೂರಲ್ಲೂ ಬೆಳಗ್ಗೆ ಚಿತ್ರಾನ್ನ, ಉಪ್ಪಿಟ್ಟು. ಅವ್ವನೂ ಹೊಸ ಪದ ಕಲ್ತಿದ್ದಾಳೆ. ದಿನಾ ಒಂಬತ್ತೂವರೆಗೆ, ಸರಿಯಾಗಿ ನನ್ನ ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿಗೆ ಫೋನ್ ಮಾಡ್ತಾಳೆ.

"ಟಿಪ್ನು ಆಯ್ತಾ ಮಗಾ?"

"ಆಯ್ತವ್ವ. ನಿಂದು?"

"ನಂಗ್ಯಾವ ಟಿಪ್ನು, ಇಟ್ ಉಂಡೆ."