ಸ್ಲ್ಯಾಬಿನ ಕಿಂಡಿಗಳು: ತಾಲ್ಲೂಕು ಪಟ್ಟಣಗಳ ವಾಣಿಜ್ಯ ಕಟ್ಟಡಗಳಲ್ಲಿ ಅಗ್ನಿತಡೆ ಮುಚ್ಚಿಗೆಯ ಲೋಪಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಗಳಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಅಂಗಡಿಗಳ ಜಾಗಕ್ಕೆ ಆರ್‌ಸಿಸಿ ಕಾಂಪ್ಲೆಕ್ಸ್‌ಗಳು ಬಂದಿವೆ. ಕೆಳಗೆ ಬಟ್ಟೆಯಂಗಡಿ, ಮೇಲೆ ಬ್ಯಾಂಕು, ದವಾಖಾನೆ, ಟ್ಯೂಷನ್ ಕ್ಲಾಸು. ಸ್ಲ್ಯಾಬು ಈ ಮಹಡಿಗಳನ್ನು ಬೇರೆ ಮಾಡುತ್ತದೆ. ವೈರು, ನೀರಿನ ಪೈಪು, ಎಸಿ ಕೊಳವೆಗಳಿಗಾಗಿ ಕೊರೆದ ಕಿಂಡಿಗಳು ಅವನ್ನು ಮತ್ತೆ ಕೂಡಿಸುತ್ತವೆ. ಆ ಕಿಂಡಿ ಮುಚ್ಚುವಾಗ ಆಗುವ ತಪ್ಪುಗಳಿಗೆ ಒಂದು ಸಮಾನ ಮೂಲವಿದೆ ಎಂಬುದು ಈ ಲೇಖನದ ವಾದ: ಸೀಲಂಟ್ ಡಬ್ಬಿಯ ಮೇಲೆ ಬರೆದ ಎರಡು ಗಂಟೆಯ ಅಗ್ನಿತಡೆ ದರ್ಜೆ ಡಬ್ಬಿಯೊಳಗಿನ ಸಾಮಗ್ರಿಯದೇ ಎಂದು ನಂಬುವುದು. ದರ್ಜೆ ಸಿಗುವುದು ಬೆಂಕಿಯಲ್ಲಿ ಪರೀಕ್ಷಿಸಿದ ಇಡೀ ಜೋಡಣೆಗೆ. ಕಿಂಡಿಯ ಅಳತೆ, ಗೋಡೆಯ ಬಗೆ, ಹಾಯ್ದು ಹೋಗುವ ವಸ್ತು, ತುಂಬಿದ ಆಳ ಇವುಗಳಲ್ಲಿ ಒಂದು ಬದಲಾದರೂ ಆ ಪರೀಕ್ಷೆಯ ಫಲಿತಾಂಶ ನಮ್ಮ ಕಟ್ಟಡಕ್ಕೆ ಅನ್ವಯಿಸುತ್ತದೆ ಎನ್ನಲಾಗದು. ಇಂಥ ಪರೀಕ್ಷೆಗೆಂದೇ ಭಾರತದಲ್ಲಿ 1988ರಿಂದ ಐಎಸ್ 12458 ಮಾನಕವಿದೆ.

ಕಿಂಡಿಯ ಅಪಾಯ ಕರ್ನಾಟಕಕ್ಕೆ ಹೊಸದಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ ನಾಳದಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. 9 ಜನ ಸತ್ತರು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗದ ಪ್ರಕಾರ, ವಿದ್ಯುತ್ ನಾಳದಲ್ಲಿ ಕೇಬಲ್‌ಗೂ ಗೋಡೆ-ಸ್ಲ್ಯಾಬಿಗೂ ನಡುವಿನ ಸಂದಿಯನ್ನು 120 ನಿಮಿಷ ತಡೆಯುವಂತೆ ಮುಚ್ಚಬೇಕು. ಆದರೆ ಸಂಹಿತೆ ಬಹುಮಹಡಿ ಎಂದು ಕರೆಯುವುದು 15 ಮೀಟರ್ ಮತ್ತು ಅದಕ್ಕೂ ಎತ್ತರದ ಕಟ್ಟಡಗಳನ್ನು. ತಾಲ್ಲೂಕು ಪೇಟೆಯ ಎರಡು-ಮೂರು ಮಹಡಿಯ ಕಾಂಪ್ಲೆಕ್ಸು ಅದರ ಕೆಳಗೇ ಉಳಿಯುತ್ತದೆ, ಹೊಗೆಗೆ ಮಾತ್ರ ಆ ಲೆಕ್ಕ ಗೊತ್ತಿಲ್ಲ.

ತಪ್ಪುಗಳಲ್ಲಿ ಅತಿ ಕೆಟ್ಟದ್ದು ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಪಾಲಿಯುರೆಥೇನ್ ಫೋಮ್. ಹಿಂಡಿದ ಕೂಡಲೇ ಉಬ್ಬಿ ಸಂದಿ ತುಂಬುವುದರಿಂದ ಕೆಲಸ ಮುಗಿದಂತೆ ಕಾಣುತ್ತದೆ, ಆದರೆ ಅದು ಉರಿಯುವ ವಸ್ತು. ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಅಣುಸ್ಥಾವರದಲ್ಲಿ 1975ರ ಮಾರ್ಚ್ 22ರಂದು ಕೆಲಸಗಾರರು ಕೇಬಲ್ ಕಿಂಡಿಗೆ ಇದೇ ಜಾತಿಯ ಫೋಮ್ ತುಂಬಿ, ಗಾಳಿ ಸೋರುತ್ತಿದೆಯೇ ಎಂದು ಮೇಣದಬತ್ತಿ ಹಿಡಿದು ನೋಡುತ್ತಿದ್ದರು. ಫೋಮಿಗೆ ಬೆಂಕಿ ಹತ್ತಿತು. ಸುಮಾರು ಏಳು ಗಂಟೆ ಉರಿದ ಆ ಬೆಂಕಿಯಲ್ಲಿ 1,600ಕ್ಕೂ ಹೆಚ್ಚು ಕೇಬಲ್‌ಗಳು ಹಾಳಾದವು. ಅಣುಸ್ಥಾವರದಲ್ಲೇ ನಡೆದ ತಪ್ಪು ಪೇಟೆಯ ಕಾಂಪ್ಲೆಕ್ಸಿನಲ್ಲಿ ನಡೆಯುವುದಿಲ್ಲ ಎನ್ನಲು ಕಾರಣವೇನೂ ಕಾಣುವುದಿಲ್ಲ.

ಎರಡನೆಯದು ಪಿವಿಸಿ ಪೈಪು. ಗೌಂಡಿ ಅದರ ಸುತ್ತ ಸಿಮೆಂಟು ಗಾರೆ ಒತ್ತಿ ನುಣ್ಣಗೆ ಮಾಡುತ್ತಾನೆ. ಬೆಂಕಿ ಬಂದಾಗ ಗಾರೆ ಉಳಿಯುತ್ತದೆ, ಪೈಪು ಕರಗಿ ಹೋಗುತ್ತದೆ, ಅದು ಇದ್ದಷ್ಟೇ ಅಗಲದ ದಾರಿ ತೆರೆಯುತ್ತದೆ. ಕಾವಿಗೆ ಉಬ್ಬಿ ಪೈಪನ್ನು ಹಿಸುಕಿ ಮುಚ್ಚುವ ಕಾಲರ್ ಅಲ್ಲಿ ಬೇಕು: ಸ್ಲ್ಯಾಬಾದರೆ ಅಡಿಯಲ್ಲಿ, ಗೋಡೆಯಾದರೆ ಎರಡೂ ಮಗ್ಗುಲಲ್ಲಿ. ಕಾಲರ್ ತಂದವರೂ ಅದನ್ನು ಬರೀ ಪ್ಲಾಸ್ಟಿಕ್ ಪ್ಲಗ್ಗಿನಲ್ಲಿ ಕೂರಿಸಿದರೆ, ಪ್ಲಗ್ಗೇ ಮೊದಲು ಕರಗಿ ಕಾಲರ್ ಕಳಚಿ ಬೀಳುತ್ತದೆ.

ಈ ಭಾಗದ ಹಳೆಯ ಗೋಡೆಗಳದು ಬೇರೆಯೇ ಕಥೆ. ಎರಡು ಮೈ ಕಲ್ಲು, ನಡುವೆ ಮಣ್ಣು-ಚೂರುಕಲ್ಲು ತುಂಬಿದ ಗೋಡೆಯಲ್ಲಿ ಕೊರೆದಾಗ ಒಳಗಿನ ಮಣ್ಣು ಜಾರಿ ಪೊಳ್ಳಾಗುತ್ತದೆ. ಹೊರಮೈಗೆ ಸೀಲಂಟ್ ಬಳಿದರೆ ನೋಟಕ್ಕೆ ಮುಚ್ಚಿದಂತಾಗುತ್ತದೆ, ಆಳ ಮಾತ್ರ ಇರುವುದಿಲ್ಲ. ಧೂಳು ಗುಡಿಸದೆ ಬಳಿದದ್ದು ಕಲ್ಲನ್ನು ಹಿಡಿಯುವುದೂ ಇಲ್ಲ; 40 ಡಿಗ್ರಿ ದಾಟುವ ಇಲ್ಲಿನ ಬೇಸಗೆಯಲ್ಲಿ ನೀರು ಬೆರೆತ ಸೀಲಂಟ್ ಬೇಗ ಒಣಗಿ ಬಿರಿಯುವ ಸಂಭವವೂ ಇದೆ.

ಸರಿಯಾಗಿ ಮುಚ್ಚಿದ ಕಿಂಡಿಯೂ ಹಾಗೇ ಉಳಿಯುವುದಿಲ್ಲ. ಇಂಟರ್ನೆಟ್ ಫೈಬರ್ ಎಳೆಯಲು ಬಂದವನು ಕಿಂಡಿಯಲ್ಲಿ ತುಂಬಿದ್ದ ರಾಕ್‌ವೂಲ್ (ಕಲ್ಲುನಾರು) ಸರಿಸಿ ಕೇಬಲ್ ತೂರಿಸುತ್ತಾನೆ. ಮತ್ತೆ ಮುಚ್ಚುವುದು ಅವನ ಕೂಲಿಯಲ್ಲಿ ಸೇರಿಲ್ಲ. ವೈರ್‌ಮನ್ ಕೊರೆಯುತ್ತಾನೆ, ಗೌಂಡಿ ಮೆತ್ತುತ್ತಾನೆ, ಪಿಒಪಿಯವನು ಫಾಲ್ಸ್ ಸೀಲಿಂಗ್ ಹಾಕಿ ಎಲ್ಲವನ್ನೂ ಮರೆಮಾಡುತ್ತಾನೆ; ಸರಿಯಾಗಿ ಮುಚ್ಚುವ ಹೊಣೆ ಯಾರದೂ ಅಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರವಿದೆ. ಅಂಥ ದೊಡ್ಡ ಸ್ಥಾವರಗಳ ಟೆಂಡರಿನಲ್ಲಿ ಕೇಬಲ್ ಕಿಂಡಿ ಮುಚ್ಚುವುದು ಸಾಮಾನ್ಯವಾಗಿ ಪ್ರತ್ಯೇಕ ಬಾಬತ್ತು. ಪೇಟೆಯ ಕಟ್ಟಡದ ಎಸ್ಟಿಮೇಟಿಗೂ ಆ ಒಂದು ಸಾಲು ಸೇರಬೇಕು. ಪ್ರತಿ ಕಿಂಡಿಗೆ ನಂಬರು ಹಾಕಿ, ಸೀಲಿಂಗ್ ಮುಚ್ಚುವ ಮೊದಲು ಫೋಟೊ ತೆಗೆದು, ಅದನ್ನು ಕಟ್ಟಡದ ಮಾಲೀಕರ ಕಡತದಲ್ಲಿ ಇಡಬೇಕು. ಬಿಲ್ಲು ಪಾಸಾಗುವುದು ಆ ಫೋಟೊ ನೋಡಿದ ಮೇಲೆಯೇ ಆದರೆ ಕಂತ್ರಾಟುದಾರ ತಾನಾಗಿಯೇ ಕಿಂಡಿಗಳನ್ನು ಎಣಿಸುತ್ತಾನೆ.